ಗಿಟ್ ಸಬ್‌ಮಾಡ್ಯೂಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಟ್ ಅಂದರೆ ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಟೂಲ್, ರೆಪೊ ಅಂದರೆ ಅದು ಇತಿಹಾಸ ಸಮೇತ ನೋಡಿಕೊಳ್ಳುವ ಒಂದು ಪ್ರಾಜೆಕ್ಟ್‌ನ ಫೋಲ್ಡರ್. ಸಬ್‌ಮಾಡ್ಯೂಲ್ ಬಳಸಿ ಒಂದು ರೆಪೊ ಒಳಗೆ ಇನ್ನೊಂದು ರೆಪೊ ಇಡುವ ಬಗ್ಗೆ ಜೊತೆಗೆ ಕೆಲಸ ಮಾಡುವವರು, ಹೊಸದಾಗಿ ಸೇರಿದವರು, ಪತ್ರ ಬರೆದವರು, ಕಾಮೆಂಟ್ ಹಾಕಿದವರು ಮತ್ತೆ ಮತ್ತೆ ಕೇಳಿದ್ದನ್ನೆಲ್ಲ ಇಲ್ಲಿ ಒಂದೆಡೆ ಹಾಕಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಎಲ್ಲ ಕಡೆ ಒಂದೇ ಉದಾಹರಣೆ ತಗೊಂಡಿದ್ದೇನೆ: ಒಂದು ವೆಬ್ ಆ್ಯಪ್, ಒಂದು ಆಂಡ್ರಾಯ್ಡ್ ಆ್ಯಪ್, ಎರಡಕ್ಕೂ ಬೇಕಾದ ಕನ್ನಡ ಅನುವಾದದ ಸಾಲುಗಳು 'ಪದಗಳು' ಅನ್ನೋ ಮೂರನೇ ರೆಪೊದಲ್ಲಿ. ಆ್ಯಪ್‌ನ ರೆಪೊವನ್ನು ಹೊರ ರೆಪೊ ಅಂತಲೂ, 'ಪದಗಳು' ರೆಪೊವನ್ನು ಒಳ ರೆಪೊ ಅಂತಲೂ ಕರೆಯುತ್ತೇನೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

## ಶುರು ಮಾಡುವವರಿಗೆ

ಸಬ್‌ಮಾಡ್ಯೂಲ್ ಅಂದ್ರೆ ನಿಜವಾಗಿ ಏನು? ಫೋಲ್ಡರ್ ಕಾಪಿ ಮಾಡಿ ಇಟ್ಟ ಹಾಗೇನಾ?

ಅಲ್ಲ. ಹೊರ ರೆಪೊ ಒಳಗಿನ ಕೋಡನ್ನು ತನ್ನಲ್ಲಿ ಇಟ್ಟುಕೊಳ್ಳುವುದೇ ಇಲ್ಲ. ಅದು ಬರೆದಿಟ್ಟುಕೊಳ್ಳುವುದು ಎರಡೇ ವಿಷಯ. ಒಳ ರೆಪೊ ಎಲ್ಲಿ ಸಿಗುತ್ತದೆ ಅನ್ನೋದು ಒಂದು, ಅದರ ಯಾವ ಕಮಿಟ್ (ಉಳಿಸಿಟ್ಟ ಒಂದು ಹಂತ) ಬೇಕು ಅನ್ನೋದು ಇನ್ನೊಂದು. ವಿಳಾಸ ಇರುವುದು `.ಗಿಟ್‌ಮಾಡ್ಯೂಲ್ಸ್` ಅನ್ನೋ ಸಾದಾ ಟೆಕ್ಸ್ಟ್ ಫೈಲಿನಲ್ಲಿ. ಕಮಿಟ್‌ನ ಹ್ಯಾಶ್ (ಅದನ್ನು ಗುರುತಿಸುವ ಉದ್ದನೆಯ ಸಂಕೇತ) ಇರುವುದು ಗಿಟ್‌ನ ಟ್ರೀ (ಫೈಲ್‌ಗಳ ಪಟ್ಟಿ) ಒಳಗೆ, 160000 ಅನ್ನೋ ವಿಶೇಷ ಮೋಡ್ ಇರುವ ಒಂದು ಎಂಟ್ರಿಯಾಗಿ. ಇದಕ್ಕೆ ಗಿಟ್‌ಲಿಂಕ್ ಅಂತಾರೆ. ಸಾಮಾನ್ಯ ಫೈಲ್ ಆದರೆ ಈ ಮೋಡ್ 100644 ಇರುತ್ತದೆ.

ಇಲ್ಲಿ ಬ್ರಾಂಚ್ (ಮುಂದೆ ಬೆಳೆಯುತ್ತಾ ಹೋಗುವ ಕಮಿಟ್‌ಗಳ ಸಾಲು) ಹೆಸರು ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಹೊರ ರೆಪೊಗೆ ಗೊತ್ತಿರುವುದು ಒಂದು ನಿಖರ ಕಮಿಟ್ ಮಾತ್ರ. ಕೆಳಗೆ ಬರುವ ಅರ್ಧಕ್ಕಿಂತ ಜಾಸ್ತಿ ಪ್ರಶ್ನೆಗಳ ಬೇರು ಇದೇ. ಇದೊಂದು ತಲೆಯಲ್ಲಿ ಕೂತರೆ ಕಮಾಂಡ್‌ಗಳನ್ನು ಬಾಯಿಪಾಠ ಮಾಡುವ ಕೆಲಸ ಇರುವುದಿಲ್ಲ.

ಎನ್‌ಪಿಎಂ, ಪಿಪ್, ಮೇವನ್ ಎಲ್ಲ ಇರುವಾಗ ಇದು ಯಾಕೆ ಬೇಕು?

ನಿಮ್ಮ ಭಾಷೆಗೆ ಇಂಥ ಒಳ್ಳೆ ಪ್ಯಾಕೇಜ್ ಮ್ಯಾನೇಜರ್ (ಲೈಬ್ರರಿಗಳನ್ನು ಇಳಿಸಿಕೊಡುವ ಟೂಲ್) ಇದ್ದು, ಬೇಕಾದ ಲೈಬ್ರರಿ ಅಲ್ಲಿ ಪ್ಯಾಕೇಜ್ ಆಗಿ ಸಿಗುತ್ತಿದ್ದರೆ ಅದನ್ನೇ ಬಳಸಿ. ಸಬ್‌ಮಾಡ್ಯೂಲ್‌ಗೆ ಕೈ ಹಾಕಬೇಡಿ. ವರ್ಷನ್ ರೇಂಜ್, ಅವಲಂಬನೆಯ ಅವಲಂಬನೆ, ಇವನ್ನೆಲ್ಲ ಅದು ನೋಡಿಕೊಳ್ಳುತ್ತದೆ, ಸಬ್‌ಮಾಡ್ಯೂಲ್ ನೋಡಿಕೊಳ್ಳುವುದಿಲ್ಲ.

ಸಬ್‌ಮಾಡ್ಯೂಲ್ ಸರಿಹೊಂದುವ ಜಾಗಗಳು ಬೇರೆ. ಸಿ, ಸಿ++ ಪ್ರಾಜೆಕ್ಟ್‌ಗಳಲ್ಲಿ ಲೈಬ್ರರಿಯನ್ನು ಸೋರ್ಸ್‌ನಿಂದಲೇ ಬಿಲ್ಡ್ ಮಾಡಬೇಕಾದಾಗ. ಇಎಸ್‌ಪಿ32 ಚಿಪ್‌ಗೆ ಕೋಡ್ ಬರೆಯುವವರು ಇಎಸ್‌ಪಿ-ಐಡಿಎಫ್ ಇಳಿಸಿಕೊಳ್ಳುವಾಗ ಇದನ್ನು ನೋಡಿಯೇ ಇರುತ್ತಾರೆ. ಬೂಸ್ಟ್‌ನ ಮುಖ್ಯ ರೆಪೊದಲ್ಲಿ ಒಂದೊಂದು ಲೈಬ್ರರಿಯೂ ಒಂದೊಂದು ಸಬ್‌ಮಾಡ್ಯೂಲ್. ಪೈಟಾರ್ಚ್‌ನ ಥರ್ಡ್ ಪಾರ್ಟಿ ಫೋಲ್ಡರ್, ರಸ್ಟ್ ಕಂಪೈಲರ್ ರೆಪೊದಲ್ಲಿರುವ ಎಲ್‌ಎಲ್‌ವಿಎಂ, ಎರಡೂ ಹೀಗೇ. ಹ್ಯೂಗೊದಲ್ಲಿ ಬ್ಲಾಗ್ ಮಾಡುವವರು ಥೀಮ್ ಸೇರಿಸುವುದೂ ಸಾಮಾನ್ಯವಾಗಿ ಸಬ್‌ಮಾಡ್ಯೂಲ್ ಆಗಿಯೇ. ನಮ್ಮ 'ಪದಗಳು' ತರದ್ದು ಇನ್ನೊಂದು: ಜಾವಾಸ್ಕ್ರಿಪ್ಟ್‌ಗೂ ಕಾಟ್ಲಿನ್‌ಗೂ ಸೇರದ ಬರೀ ಡೇಟಾ, ಅನುವಾದ ಮಾಡುವವರೇ ಬೇರೆ, ಅವರಿಗೆ ಆ್ಯಪ್‌ನ ಕೋಡ್ ಬೇಕಿಲ್ಲ.

ಹೊಸದಾಗಿ ಸೇರಿಸೋದು ಹೇಗೆ? ಸೇರಿಸಿದ ಮೇಲೆ ಏನೇನು ಕಮಿಟ್ ಮಾಡ್ಬೇಕು?

ಹೊರ ರೆಪೊದ ಮೇಲಿನ ಹಂತದಲ್ಲಿ ನಿಂತು:

`ಗಿಟ್ ಸಬ್‌ಮಾಡ್ಯೂಲ್ ಆ್ಯಡ್ <ವಿಳಾಸ> ಪದಗಳು`

ಇದು ಒಳ ರೆಪೊವನ್ನು ಕ್ಲೋನ್ ಮಾಡುತ್ತದೆ (ಇಳಿಸಿಕೊಳ್ಳುತ್ತದೆ), ಎರಡು ಬದಲಾವಣೆಗಳನ್ನು ಸ್ಟೇಜ್ ಮಾಡಿ (ಮುಂದಿನ ಕಮಿಟ್‌ಗೆ ಸಿದ್ಧ ಮಾಡಿ) ಇಡುತ್ತದೆ: `.ಗಿಟ್‌ಮಾಡ್ಯೂಲ್ಸ್` ಫೈಲ್ ಮತ್ತು 'ಪದಗಳು' ಅನ್ನೋ ಗಿಟ್‌ಲಿಂಕ್. ಎರಡನ್ನೂ ಒಂದೇ ಕಮಿಟ್‌ನಲ್ಲಿ ಹಾಕಿ ಪುಶ್ ಮಾಡಿ, ಅಂದರೆ ಸರ್ವರ್‌ಗೆ ಕಳಿಸಿ. `.ಗಿಟ್‌ಮಾಡ್ಯೂಲ್ಸ್` ಫೈಲನ್ನು ಕೆಲವರು ತಮ್ಮ ಮೆಷಿನ್‌ನ ಸೆಟ್ಟಿಂಗ್ ಅಂದುಕೊಂಡು ಗಿಟ್‌ಇಗ್ನೋರ್‌ಗೆ ಹಾಕುತ್ತಾರೆ, ಹಾಗೆ ಮಾಡಿದರೆ ಬೇರೆಯವರಿಗೆ ವಿಳಾಸವೇ ಸಿಗುವುದಿಲ್ಲ.

ಸೇರಿಸುವ ಮುಂಚೆ ಒಂದು ಸಲಹೆ. ಆ್ಯಡ್ ಮಾಡಿದಾಗ ಒಳ ರೆಪೊದ ಆ ಕ್ಷಣದ ತುದಿಯ ಕಮಿಟ್ ಸಿಗುತ್ತದೆ. ಅದು ಯಾರೋ ಅರ್ಧ ಬರೆದು ಬಿಟ್ಟ ಕೆಲಸವೂ ಆಗಿರಬಹುದು. ರಿಲೀಸ್ ಟ್ಯಾಗ್ ಇದ್ದರೆ ಒಳಗೆ ಹೋಗಿ ಆ ಟ್ಯಾಗ್ ಚೆಕ್‌ಔಟ್ ಮಾಡಿ (ಆ ಹಂತದ ಫೈಲ್‌ಗಳನ್ನು ಫೋಲ್ಡರ್‌ಗೆ ತಂದು), ಹೊರಗೆ ಬಂದು ಮತ್ತೆ `ಗಿಟ್ ಆ್ಯಡ್ ಪದಗಳು` ಹೇಳಿ, ಆಮೇಲೆ ಕಮಿಟ್ ಮಾಡಿ.

ವಿಳಾಸ ಎಚ್‌ಟಿಟಿಪಿಎಸ್ ಹಾಕಲಾ, ಎಸ್‌ಎಸ್‌ಎಚ್ ಹಾಕಲಾ?

ಒಳ ರೆಪೊ ಎಲ್ಲರಿಗೂ ತೆರೆದಿದ್ದರೆ ಎಚ್‌ಟಿಟಿಪಿಎಸ್. ಎಸ್‌ಎಸ್‌ಎಚ್ ಹಾಕಿದರೆ ಕೀ ಇಲ್ಲದವರು, ಬರೀ ಓದಲು ಬಂದವರು ಕೂಡ ಕ್ಲೋನ್ ಮಾಡಲಾಗದೆ ನಿಲ್ಲುತ್ತಾರೆ.

ಎರಡೂ ರೆಪೊ ಒಂದೇ ಸರ್ವರ್‌ನಲ್ಲಿ, ಒಂದೇ ಗುಂಪಿನ ಕೆಳಗೆ ಇದ್ದರೆ ನನಗೆ ಇಷ್ಟವಾದದ್ದು ರಿಲೇಟಿವ್ ವಿಳಾಸ, ಅಂದರೆ `../ಪದಗಳು.ಗಿಟ್`. ಹೊರ ರೆಪೊವನ್ನು ನೀವು ಯಾವ ರೀತಿ ಕ್ಲೋನ್ ಮಾಡಿದ್ದೀರೋ ಒಳಗಿನದೂ ಅದೇ ರೀತಿ ಬರುತ್ತದೆ. ಒಂದು ತೊಂದರೆ ಇದೆ: ಯಾರಾದರೂ ಹೊರ ರೆಪೊವನ್ನು ಮಾತ್ರ ತಮ್ಮ ಅಕೌಂಟ್‌ಗೆ ಫೋರ್ಕ್ ಮಾಡಿಕೊಂಡರೆ ಗಿಟ್ ಒಳ ರೆಪೊವನ್ನು ಅವರ ಅಕೌಂಟ್‌ನಲ್ಲೇ ಹುಡುಕುತ್ತದೆ, ಅಲ್ಲಿ ಸಿಗುವುದಿಲ್ಲ. ಹೊರಗಿನವರು ಫೋರ್ಕ್ ಮಾಡುವ ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಪೂರ್ತಿ ವಿಳಾಸವೇ ಕ್ಷೇಮ.

ಕ್ಲೋನ್ ಮಾಡ್ದೆ ಸರ್, ಫೋಲ್ಡರ್ ಇದೆ, ಒಳಗೆ ಏನೂ ಇಲ್ಲ. ಡಿಲೀಟ್ ಆಗಿದೆಯಾ?

ಏನೂ ಡಿಲೀಟ್ ಆಗಿಲ್ಲ. ಸಾದಾ `ಗಿಟ್ ಕ್ಲೋನ್` ಒಳ ರೆಪೊವನ್ನು ತರುವುದಿಲ್ಲ, ಖಾಲಿ ಫೋಲ್ಡರ್ ಮಾತ್ರ ಮಾಡಿ ಬಿಡುತ್ತದೆ. ಈಗ ಹೀಗೆ ಮಾಡಿ:

`ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್`

ಮುಂದಿನ ಸಲ ಮೊದಲೇ `ಗಿಟ್ ಕ್ಲೋನ್ --ರಿಕರ್ಸ್-ಸಬ್‌ಮಾಡ್ಯೂಲ್ಸ್ <ವಿಳಾಸ>` ಹೇಳಿದರೆ ಆಯಿತು. ದಯವಿಟ್ಟು ಈ ಸಾಲನ್ನು ನಿಮ್ಮ ರೀಡ್‌ಮಿ ಫೈಲಿನ ಮೊದಲ ಪರದೆಯಲ್ಲೇ ಹಾಕಿ. ಹೊಸಬರು ಖಾಲಿ ಫೋಲ್ಡರ್ ನೋಡಿ ಸಂಜೆವರೆಗೆ ಬಿಲ್ಡ್ ಎರರ್ ಜೊತೆ ಗುದ್ದಾಡುವುದು ಬೇಡ.

## ದಿನದ ಕೆಲಸ

ಗಿಟ್ ಪುಲ್ ಮಾಡಿದ ಮೇಲೂ ಹಳೇ ಕೋಡೇ ಇದೆ, ಮೇಲಿಂದ ಸ್ಟೇಟಸ್‌ನಲ್ಲಿ ನಾನು ಮುಟ್ಟದೇ ಇರೋ ಫೋಲ್ಡರ್ ಮಾಡಿಫೈಡ್ ಅಂತ ತೋರಿಸ್ತಿದೆ. ಯಾಕೆ?

ನನ್ನನ್ನು ಕೇಳಿದರೆ ಈ ಪುಟದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ಓದಿ.

ಜೊತೆಗಾರರು 'ಪದಗಳು' ಹೊಸ ಕಮಿಟ್‌ಗೆ ಸರಿಸಿ ಪುಶ್ ಮಾಡಿದ್ದಾರೆ. ನೀವು ಪುಲ್ ಮಾಡಿದಾಗ (ಸರ್ವರ್‌ನಿಂದ ಹೊಸ ಕಮಿಟ್‌ಗಳನ್ನು ತಂದಾಗ) ಹೊರ ರೆಪೊದಲ್ಲಿರುವ ಹ್ಯಾಶ್ ಹೊಸದಾಯಿತು. ಆದರೆ ಪುಲ್, ತಾನಾಗಿ, ಒಳ ಫೋಲ್ಡರ್‌ನಲ್ಲಿರುವ ಫೈಲ್‌ಗಳನ್ನು ಬದಲಾಯಿಸುವುದಿಲ್ಲ. ಹಾಗಾಗಿ ಬೇಕಾದ್ದು ಹೊಸ ಕಮಿಟ್, ಇರುವುದು ಹಳೇ ಕಮಿಟ್. ಗಿಟ್ ಅದನ್ನು ನಿಮ್ಮ ಬದಲಾವಣೆ ಅಂದುಕೊಂಡು 'ಮಾಡಿಫೈಡ್, ನ್ಯೂ ಕಮಿಟ್ಸ್' ಅಂತ ತೋರಿಸುತ್ತದೆ.

ಅಪಾಯ ಮುಂದಿನ ಹೆಜ್ಜೆಯಲ್ಲಿದೆ. ನೀವು ಬೇರೇನೋ ಸಣ್ಣ ತಿದ್ದುಪಡಿ ಮಾಡಿ ಅಭ್ಯಾಸಬಲದಿಂದ `ಗಿಟ್ ಕಮಿಟ್ -ಎ` ಅಥವಾ `ಗಿಟ್ ಆ್ಯಡ್ .` ಹೊಡೆಯುತ್ತೀರಿ. ಆಗ ಹಳೇ ಹ್ಯಾಶ್ ನಿಮ್ಮ ಕಮಿಟ್ ಒಳಗೆ ಸೇರಿಬಿಡುತ್ತದೆ. ಜೊತೆಗಾರರ ಅಪ್‌ಡೇಟ್ ಸದ್ದಿಲ್ಲದೆ ವಾಪಸ್ ಹೋಯಿತು. ಕಾನ್‌ಫ್ಲಿಕ್ಟ್ ಇಲ್ಲ, ಎರರ್ ಇಲ್ಲ, ರಿವ್ಯೂ ಮಾಡುವವರ ಕಣ್ಣಿಗೆ ಒಂದೇ ಒಂದು ಸಾಲು. ಸರಿ ಮಾಡಿದ್ದ ಅನುವಾದ ಮತ್ತೆ ತಪ್ಪಾಗಿ ಕಾಣಿಸಿದಾಗ ಎಲ್ಲರೂ ಅನುವಾದಕರ ಕಡೆ ನೋಡುತ್ತಾರೆ. ಪಾಪ, ಅವರ ತಪ್ಪೇ ಅಲ್ಲ.

ಪರಿಹಾರ ಸುಲಭ. ಪುಲ್ ಆದ ಮೇಲೆ `ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್`. ಪ್ರತಿ ಸಲ ನೆನಪಿಡುವುದು ಕಷ್ಟ, ಅಲ್ವಾ? ಅದಕ್ಕೆ ಒಮ್ಮೆ ಈ ಸೆಟ್ಟಿಂಗ್ ಹಾಕಿಬಿಡಿ:

`ಗಿಟ್ ಕಾನ್ಫಿಗ್ --ಗ್ಲೋಬಲ್ ಸಬ್‌ಮಾಡ್ಯೂಲ್.ರಿಕರ್ಸ್ ಟ್ರೂ`

ಗಿಟ್ 2.15 ಮತ್ತು ಅದಕ್ಕಿಂತ ಹೊಸದರಲ್ಲಿ ಇದು ಕೆಲಸ ಮಾಡುತ್ತದೆ. ಪುಲ್, ಚೆಕ್‌ಔಟ್, ಸ್ವಿಚ್, ರೀಸೆಟ್ ಎಲ್ಲವೂ ಒಳ ರೆಪೊವನ್ನು ಜೊತೆಗೇ ಸರಿಸುತ್ತವೆ. ಕ್ಲೋನ್‌ಗೆ ಮಾತ್ರ ಇದು ಅನ್ವಯಿಸುವುದಿಲ್ಲ, ಅಲ್ಲಿ ಆಯ್ಕೆಯನ್ನು ಕೈಯಾರೆ ಕೊಡಲೇಬೇಕು. ಮತ್ತೆ ಇದು ನಿಮ್ಮ ಮೆಷಿನ್‌ನ ಸೆಟ್ಟಿಂಗ್. ಟೀಮ್‌ನಲ್ಲಿ ಪ್ರತಿಯೊಬ್ಬರೂ ಹಾಕಿಕೊಳ್ಳಬೇಕು.

ಒಳಗೆ ಹೋಗಿ ನೋಡಿದ್ರೆ "ಡಿಟ್ಯಾಚ್ಡ್ ಹೆಡ್" ಅಂತ ಬರ್ತಿದೆ. ಏನೋ ಕೆಟ್ಟಿದೆಯಾ?

ಕೆಟ್ಟಿಲ್ಲ. ಹೊರ ರೆಪೊ ಕೇಳಿದ್ದು ಒಂದು ಕಮಿಟ್, ಬ್ರಾಂಚ್ ಅಲ್ಲ. ಅದಕ್ಕೇ ಒಳಗೆ ನೀವು ಯಾವ ಬ್ರಾಂಚ್ ಮೇಲೂ ಇರುವುದಿಲ್ಲ. ಕೋಡ್ ಓದಲು, ಬಿಲ್ಡ್ ಮಾಡಲು ಇದರಿಂದ ಏನೂ ತೊಂದರೆ ಇಲ್ಲ.

ತಿದ್ದುವ ಮುಂಚೆ ಮಾತ್ರ ಬ್ರಾಂಚ್‌ಗೆ ಹೋಗಿ, ಇದನ್ನು ಮರೆಯಬೇಡಿ. ಮರೆತು ಹಾಗೇ ಕಮಿಟ್ ಮಾಡಿ, ಆಮೇಲೆ ಹೊರಗೆ ಬಂದು ಸಬ್‌ಮಾಡ್ಯೂಲ್ ಅಪ್‌ಡೇಟ್ ಹೊಡೆದರೆ ನಿಮ್ಮ ಕಮಿಟ್ ಕಣ್ಣಿಗೆ ಕಾಣದಂತಾಗುತ್ತದೆ. ಗಾಬರಿ ಬೇಡ, ಅದು ಹೋಗಿರುವುದಿಲ್ಲ. ಒಳ ಫೋಲ್ಡರ್‌ನಲ್ಲಿ ನಿಂತು `ಗಿಟ್ ರೆಫ್‌ಲಾಗ್` ನೋಡಿ, ನಿಮ್ಮ ಕಮಿಟ್‌ನ ಹ್ಯಾಶ್ ಹುಡುಕಿ, `ಗಿಟ್ ಬ್ರಾಂಚ್ ಉಳಿಸಿದ್ದು <ಹ್ಯಾಶ್>` ಹೇಳಿ. ಕೆಲಸ ವಾಪಸ್ ಬಂತು.

ಒಳಗೆ ಒಂದು ಫೈಲ್ ತಿದ್ದಿದೆ. ಎಲ್ಲಿ ಕಮಿಟ್ ಮಾಡ್ಲಿ, ಯಾವುದನ್ನ ಮೊದಲು ಪುಶ್ ಮಾಡ್ಲಿ?

ಎರಡೂ ಕಡೆ ಕಮಿಟ್ ಬೇಕು, ಮತ್ತು ಯಾವಾಗಲೂ ಒಳಗಿನದನ್ನು ಮೊದಲು ಪುಶ್ ಮಾಡಬೇಕು. ಒಳಗೆ ಬ್ರಾಂಚ್‌ಗೆ ಹೋಗಿ, ತಿದ್ದಿ, ಕಮಿಟ್ ಮಾಡಿ, ಪುಶ್ ಮಾಡಿ. ಹೊರಗೆ ಬನ್ನಿ, `ಗಿಟ್ ಆ್ಯಡ್ ಪದಗಳು`, ಕಮಿಟ್, ಪುಶ್.

ಹೊರಗಿನದನ್ನು ಮಾತ್ರ ಪುಶ್ ಮಾಡಿ ಮನೆಗೆ ಹೋದರೆ ಏನಾಗುತ್ತದೆ? ಹೊರ ರೆಪೊ ಒಂದು ಹ್ಯಾಶ್ ಕೇಳುತ್ತಿದೆ, ಆ ಕಮಿಟ್ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಪ್ರಪಂಚದಲ್ಲಿ ಎಲ್ಲೂ ಇಲ್ಲ. ಉಳಿದವರೆಲ್ಲರಿಗೂ 'ನಾಟ್ ಅವರ್ ರೆಫ್' ಅನ್ನೋ ಎರರ್. ನಿಮ್ಮ ಮೆಷಿನ್‌ನಲ್ಲಿ ಎಲ್ಲ ಸರಿಯಾಗೇ ಇರುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ.

ಗಿಟ್‌ಗೇ ಕಾವಲು ಕೆಲಸ ಕೊಡಬಹುದು:

`ಗಿಟ್ ಕಾನ್ಫಿಗ್ --ಗ್ಲೋಬಲ್ ಪುಶ್.ರಿಕರ್ಸ್‌ಸಬ್‌ಮಾಡ್ಯೂಲ್ಸ್ ಚೆಕ್`

ಒಳಗಿನ ಕಮಿಟ್ ರಿಮೋಟ್‌ಗೆ (ಸರ್ವರ್‌ನಲ್ಲಿರುವ ರೆಪೊಗೆ) ಹೋಗಿರದಿದ್ದರೆ ಹೊರಗಿನ ಪುಶ್ ಅನ್ನು ಇದು ತಡೆಯುತ್ತದೆ. 'ಚೆಕ್' ಬದಲು 'ಆನ್-ಡಿಮ್ಯಾಂಡ್' ಅಂತ ಹಾಕಿದರೆ ಒಳಗಿನದನ್ನು ತಾನೇ ಮೊದಲು ಪುಶ್ ಮಾಡುತ್ತದೆ. ನಾನು 'ಚೆಕ್' ಅನ್ನೇ ಹೇಳುತ್ತೇನೆ. ಇನ್ನೊಂದು ಟೀಮ್ ನೋಡಿಕೊಳ್ಳುವ ರೆಪೊಗೆ ಕೈ ತಪ್ಪಿ ಪುಶ್ ಆಗುವುದಕ್ಕಿಂತ ಒಂದು ಕ್ಷಣ ನಿಂತು ನೋಡುವುದು ಮೇಲು.

ಎಲ್ಲ ಪುಶ್ ಮಾಡಿದ್ದೆ, ಆದ್ರೂ ಒಂದು ತಿಂಗಳಾದ ಮೇಲೆ "ನಾಟ್ ಅವರ್ ರೆಫ್" ಬರ್ತಿದೆ. ಈಗ ಯಾಕೆ?

ಬಹುತೇಕ ಒಳ ರೆಪೊದಲ್ಲಿ ಯಾರೋ ಇತಿಹಾಸ ಬದಲಾಯಿಸಿದ್ದಾರೆ. ರೀಬೇಸ್ ಮಾಡಿ ಫೋರ್ಸ್ ಪುಶ್, ಇಲ್ಲವೇ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಅನ್ನು ಸ್ಕ್ವಾಶ್ ಮಾಡಿ (ಕಮಿಟ್‌ಗಳನ್ನೆಲ್ಲ ಒಂದಾಗಿಸಿ) ಮರ್ಜ್ ಮಾಡಿ ಬ್ರಾಂಚ್ ಅಳಿಸಿದ್ದು. ಸ್ಕ್ವಾಶ್ ಆದಾಗ ಮೇನ್ ಬ್ರಾಂಚ್‌ಗೆ ಹೋಗುವುದು ಹೊಸ ಹ್ಯಾಶ್ ಇರುವ ಹೊಸ ಕಮಿಟ್. ನಿಮ್ಮ ಹೊರ ರೆಪೊ ಕೇಳುತ್ತಿರುವುದು ಅಳಿಸಿದ ಬ್ರಾಂಚ್‌ನ ಕಮಿಟ್, ಅದು ಸಿಗುತ್ತದೆ ಅನ್ನೋ ಖಾತ್ರಿ ಇಲ್ಲ.

ಆದ್ದರಿಂದ ಹೊರ ರೆಪೊದ ಮೇನ್ ಬ್ರಾಂಚ್ ಯಾವತ್ತೂ ಒಳ ರೆಪೊದ ಮೇನ್‌ನಲ್ಲಿರುವ ಕಮಿಟ್ ಅಥವಾ ಟ್ಯಾಗ್ ಇರುವ ಕಮಿಟ್‌ಗೇ ತೋರಿಸಬೇಕು. ಕೆಲಸ ನಡೆಯುತ್ತಿರುವಾಗ ನಿಮ್ಮ ಬ್ರಾಂಚ್‌ನಲ್ಲಿ ಯಾವ ಕಮಿಟ್‌ಗಾದರೂ ತೋರಿಸಿ, ಮರ್ಜ್‌ಗೆ ಮುಂಚೆ ಒಳಗಿನದು ಮೊದಲು ಮರ್ಜ್ ಆಗಲಿ, ಆಮೇಲೆ ಹೊರಗಿನ ಹ್ಯಾಶ್ ಅನ್ನು ಆ ಮರ್ಜ್ ಆದ ಕಮಿಟ್‌ಗೆ ಸರಿಸಿ.

`.ಗಿಟ್‌ಮಾಡ್ಯೂಲ್ಸ್`ನಲ್ಲಿ ಬ್ರಾಂಚ್ ಮೇನ್ ಅಂತ ಹಾಕಿದೀನಿ. ಆದ್ರೂ ತಾನಾಗೇ ಹೊಸದು ಬರ್ತಿಲ್ವಲ್ಲ?

ಬರುವುದಿಲ್ಲ. ಆ ಬ್ರಾಂಚ್ ಸಾಲನ್ನು ಮುಖ್ಯವಾಗಿ ಬಳಸುವುದು `ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ರಿಮೋಟ್`. ಆ ಕಮಾಂಡ್ ಹೇಳಿದಾಗ ಗಿಟ್ ಆ ಬ್ರಾಂಚ್‌ನ ತುದಿಯನ್ನು ತಂದು ಒಳ ಫೋಲ್ಡರ್‌ನಲ್ಲಿ ಇಡುತ್ತದೆ. ಬ್ರಾಂಚ್ ಹೆಸರು ಕೊಟ್ಟಿಲ್ಲದಿದ್ದರೆ ರಿಮೋಟ್‌ನ ಡೀಫಾಲ್ಟ್ ಬ್ರಾಂಚ್ ಅನ್ನು ತಗೊಳ್ಳುತ್ತದೆ, ಹಳೇ ಗಿಟ್ ವರ್ಷನ್‌ಗಳು ಮಾಸ್ಟರ್ ಅನ್ನೇ ಹುಡುಕುತ್ತಿದ್ದವು. ಇಷ್ಟಾದರೂ ಹೊರ ರೆಪೊದಲ್ಲಿ ಆ್ಯಡ್, ಕಮಿಟ್ ಮಾಡುವ ಕೆಲಸ ನಿಮ್ಮದೇ.

ಇದೊಂದು ಕೊರತೆ ಅಂತ ತುಂಬ ಜನ ದೂರುತ್ತಾರೆ. ನನಗೆ ಇದೇ ಸಬ್‌ಮಾಡ್ಯೂಲ್‌ನ ದೊಡ್ಡ ಗುಣ ಅನ್ನಿಸುತ್ತದೆ. ಎರಡು ವರ್ಷದ ಹಿಂದಿನ ರಿಲೀಸ್ ಮತ್ತೆ ಬಿಲ್ಡ್ ಮಾಡಬೇಕಾದರೆ ಅವತ್ತಿನ ಕೋಡ್ ಜೊತೆ ಅವತ್ತಿನ ಅನುವಾದವೇ ಬರುತ್ತದೆ, ಒಂದು ಅಕ್ಷರ ಆಚೀಚೆ ಇಲ್ಲ. ಹೊಸ ಕಮಿಟ್ ಬಂದಾಗ ತಾನಾಗಿ ಪುಲ್ ರಿಕ್ವೆಸ್ಟ್ ತೆರೆಯಬೇಕು ಅಂದರೆ ಗಿಟ್‌ಹಬ್‌ನ ಡಿಪೆಂಡಬಾಟ್‌ನಲ್ಲಿ ಗಿಟ್ ಸಬ್‌ಮಾಡ್ಯೂಲ್‌ಗೂ ಆಯ್ಕೆ ಇದೆ. ನೋಡಿ, ಟೆಸ್ಟ್ ಓಡಿಸಿ, ಒಪ್ಪಿಕೊಳ್ಳಿ.

ರಿವ್ಯೂ ಮಾಡೋವಾಗ ಬರೀ ಎರಡು ಹ್ಯಾಶ್ ಕಾಣಿಸುತ್ತೆ. ಒಳಗೆ ಏನು ಬದಲಾಗಿದೆ ಅಂತ ಹೇಗೆ ನೋಡೋದು?

`ಗಿಟ್ ಡಿಫ್ --ಸಬ್‌ಮಾಡ್ಯೂಲ್=ಲಾಗ್` ಅಂದರೆ ಎರಡು ಹ್ಯಾಶ್‌ಗಳ ನಡುವಿನ ಕಮಿಟ್ ಸಂದೇಶಗಳು ಪಟ್ಟಿಯಾಗಿ ಬರುತ್ತವೆ. 'ಲಾಗ್' ಬದಲು 'ಡಿಫ್' ಅಂದರೆ ಪೂರ್ತಿ ಸಾಲುಗಳು. ಕಾನ್ಫಿಗ್‌ನಲ್ಲಿ `ಡಿಫ್.ಸಬ್‌ಮಾಡ್ಯೂಲ್ ಲಾಗ್` ಹಾಕಿಟ್ಟರೆ ಯಾವಾಗಲೂ ಹೀಗೇ ಕಾಣಿಸುತ್ತದೆ. ಹೊರ ರೆಪೊದ ಕಮಿಟ್ ಸಂದೇಶದಲ್ಲಿ 'ಸಬ್‌ಮಾಡ್ಯೂಲ್ ಅಪ್‌ಡೇಟ್' ಅಂತ ಸುಮ್ನೆ ಬರೆಯಬೇಡಿ, ಯಾಕೆ ಸರಿಸಿದಿರಿ ಅಂತ ಒಂದು ಸಾಲು ಬರೆಯಿರಿ.

## ಸಿಕ್ಕಿಹಾಕಿಕೊಂಡಾಗ

"ನೋ ಯುಆರ್‌ಎಲ್ ಫೌಂಡ್ ಫಾರ್ ಸಬ್‌ಮಾಡ್ಯೂಲ್" ಅಂತ ಬಿಲ್ಡ್ ನಿಲ್ತಿದೆ. ನಾನು ಸಬ್‌ಮಾಡ್ಯೂಲ್ ಹಾಕೇ ಇಲ್ವಲ್ಲ!

ಹಾಕಿದ್ದೀರಿ, ಗೊತ್ತಿಲ್ಲದೆ. ಹ್ಯೂಗೊ ಬ್ಲಾಗ್ ಮಾಡುವವರಿಂದ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಥೀಮ್ ಅನ್ನು ಸಾದಾ `ಗಿಟ್ ಕ್ಲೋನ್` ಮಾಡಿ ಥೀಮ್ಸ್ ಫೋಲ್ಡರ್‌ನಲ್ಲಿ ಇಟ್ಟಿರುತ್ತಾರೆ, ಆಮೇಲೆ `ಗಿಟ್ ಆ್ಯಡ್ .` ಹೊಡೆದಿರುತ್ತಾರೆ. ಒಳಗೆ ಇನ್ನೊಂದು `.ಗಿಟ್` ಇರುವುದರಿಂದ ಗಿಟ್ ಅದನ್ನು ಗಿಟ್‌ಲಿಂಕ್ ಆಗಿಯೇ ಸೇರಿಸುತ್ತದೆ, 'ಆ್ಯಡಿಂಗ್ ಎಂಬೆಡೆಡ್ ಗಿಟ್ ರೆಪಾಸಿಟರಿ' ಅಂತ ಒಂದು ಎಚ್ಚರಿಕೆ ಕೊಡುತ್ತದೆ, ಅದನ್ನು ಯಾರೂ ಓದುವುದಿಲ್ಲ. ಹ್ಯಾಶ್ ಇದೆ, `.ಗಿಟ್‌ಮಾಡ್ಯೂಲ್ಸ್`ನಲ್ಲಿ ವಿಳಾಸ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬ್ಲಾಗ್ ಚೆನ್ನಾಗಿ ಕಾಣುತ್ತದೆ, ಸರ್ವರ್‌ನಲ್ಲಿ ಮಾತ್ರ ಕೈ ಕೊಡುತ್ತದೆ.

ಮೊದಲು `ಗಿಟ್ ಆರ್‌ಎಂ --ಕ್ಯಾಶ್ಡ್ <ಫೋಲ್ಡರ್>`. ಇದು ಇಂಡೆಕ್ಸ್‌ನಿಂದ (ಸ್ಟೇಜ್ ಮಾಡಿದ ಪಟ್ಟಿಯಿಂದ) ಮಾತ್ರ ತೆಗೆಯುತ್ತದೆ, ಫೈಲ್‌ಗಳು ಹಾಗೇ ಇರುತ್ತವೆ. ಆಮೇಲೆ `ಗಿಟ್ ಸಬ್‌ಮಾಡ್ಯೂಲ್ ಆ್ಯಡ್ <ವಿಳಾಸ> <ಫೋಲ್ಡರ್>`. ಅಲ್ಲಿ ಈಗಾಗಲೇ ಸರಿಯಾದ ರೆಪೊ ಇರುವುದರಿಂದ ಮತ್ತೆ ಕ್ಲೋನ್ ಮಾಡದೆ ಅದನ್ನೇ ಬಳಸಿಕೊಳ್ಳುತ್ತದೆ. ಕಮಿಟ್, ಪುಶ್.

ಸಬ್‌ಮಾಡ್ಯೂಲ್ ಬೇಡ ಅನ್ನಿಸ್ತಿದೆ. ಪೂರ್ತಿ ತೆಗೆಯೋದು ಹೇಗೆ?

`ಗಿಟ್ ಸಬ್‌ಮಾಡ್ಯೂಲ್ ಡಿಇನಿಟ್ -ಎಫ್ ಪದಗಳು`, ನಂತರ `ಗಿಟ್ ಆರ್‌ಎಂ ಪದಗಳು`, ನಂತರ ಕಮಿಟ್. ಆರ್‌ಎಂ ಕಮಾಂಡ್ `.ಗಿಟ್‌ಮಾಡ್ಯೂಲ್ಸ್`ನ ಆ ಭಾಗವನ್ನೂ ತಾನೇ ಅಳಿಸುತ್ತದೆ. ಡಿಇನಿಟ್‌ಗೆ ಎಫ್ ಆಯ್ಕೆ ಕೊಡುವ ಮುಂಚೆ ಒಳಗೆ ಕಮಿಟ್ ಆಗದ ಕೆಲಸ ಇದೆಯಾ ನೋಡಿಕೊಳ್ಳಿ, ಇದ್ದರೆ ಅದು ಹೋಗುತ್ತದೆ.

ಒಂದು ಉಳಿಕೆ ಇರುತ್ತದೆ. ಒಳ ರೆಪೊದ ನಿಜವಾದ ಡೇಟಾ ಇರುವುದು ಹೊರ ರೆಪೊದ `.ಗಿಟ್/ಮಾಡ್ಯೂಲ್ಸ್/ಪದಗಳು` ಒಳಗೆ. ಅದು ಅಲ್ಲೇ ಇರಲಿ ಬಿಡಿ, ಹಳೇ ಬ್ರಾಂಚ್‌ಗೆ ಹೋದಾಗ ಮತ್ತೆ ಇಳಿಸಿಕೊಳ್ಳುವ ಕೆಲಸ ತಪ್ಪುತ್ತದೆ. ಅದೇ ಹೆಸರಿನಲ್ಲಿ ಬೇರೆ ರೆಪೊ ಸೇರಿಸಲು ಹೋದಾಗ ಮಾತ್ರ 'ಗಿಟ್ ಡೈರೆಕ್ಟರಿ ಈಗಾಗಲೇ ಇದೆ' ಅಂತ ತಕರಾರು ಬರುತ್ತದೆ. ಆಗ ಅದನ್ನು ಅಳಿಸಿ.

ಒಳ ರೆಪೊ ಬೇರೆ ಸರ್ವರ್‌ಗೆ ಹೋಯ್ತು. ಫೈಲ್‌ನಲ್ಲಿ ವಿಳಾಸ ಬದಲಾಯಿಸಿದ್ರೂ ಹಳೇ ಕಡೆಗೇ ಹೋಗ್ತಿದೆ.

ಇನಿಟ್ ಮಾಡಿದಾಗ ಗಿಟ್ ವಿಳಾಸವನ್ನು `.ಗಿಟ್‌ಮಾಡ್ಯೂಲ್ಸ್`ನಿಂದ ನಿಮ್ಮ ಸ್ವಂತ `.ಗಿಟ್/ಕಾನ್ಫಿಗ್`ಗೆ ಬರೆದುಕೊಳ್ಳುತ್ತದೆ. ಆಮೇಲೆ ಓದುವುದು ಅಲ್ಲಿಂದಲೇ. ಬದಲಾಯಿಸುವವರು `ಗಿಟ್ ಸಬ್‌ಮಾಡ್ಯೂಲ್ ಸೆಟ್-ಯುಆರ್‌ಎಲ್ ಪದಗಳು <ಹೊಸ ವಿಳಾಸ>` ಹೇಳಿ ಕಮಿಟ್ ಮಾಡಲಿ. ಉಳಿದವರು ಪುಲ್ ಆದ ಮೇಲೆ `ಗಿಟ್ ಸಬ್‌ಮಾಡ್ಯೂಲ್ ಸಿಂಕ್ --ರಿಕರ್ಸಿವ್`, ಆಮೇಲೆ ಅಪ್‌ಡೇಟ್.

ಹಳೇ ಕಮಿಟ್‌ಗಳಲ್ಲಿ ಹಳೇ ವಿಳಾಸವೇ ಉಳಿದಿರುತ್ತದೆ, ಅದನ್ನು ತಿದ್ದಲು ಆಗುವುದಿಲ್ಲ. ಹಳೇ ರಿಲೀಸ್ ಬಿಲ್ಡ್ ಮಾಡುವವರಿಗೆ ಗಿಟ್ ಕಾನ್ಫಿಗ್‌ನ 'ಇನ್‌ಸ್ಟೆಡ್‌ಆಫ್' ಸೆಟ್ಟಿಂಗ್ ಇದೆ. ಹಳೇ ವಿಳಾಸ ಕಂಡಲ್ಲೆಲ್ಲ ಹೊಸದನ್ನು ಬಳಸು ಅಂತ ಅದರಲ್ಲಿ ಹೇಳಬಹುದು.

ಸಬ್‌ಮಾಡ್ಯೂಲ್‌ನಲ್ಲೇ ಮರ್ಜ್ ಕಾನ್‌ಫ್ಲಿಕ್ಟ್ ಬಂದಿದೆ. ಫೈಲ್ ತೆರೆದು ತಿದ್ದೋಣ ಅಂದ್ರೆ ಫೈಲೇ ಇಲ್ಲ!

ಇಬ್ಬರು ಬೇರೆ ಬೇರೆ ಬ್ರಾಂಚ್‌ನಲ್ಲಿ 'ಪದಗಳು' ಬೇರೆ ಬೇರೆ ಕಮಿಟ್‌ಗೆ ಸರಿಸಿದ್ದೀರಿ. ಒಂದು ಕಮಿಟ್ ಇನ್ನೊಂದರ ಮುಂದುವರಿಕೆ ಆಗಿದ್ದರೆ ಗಿಟ್ ಸಾಮಾನ್ಯವಾಗಿ ಮುಂದಿನದನ್ನು ತಾನೇ ಆರಿಸುತ್ತದೆ. ಇಲ್ಲಿ ಎರಡೂ ಕವಲೊಡೆದಿವೆ, ಅದಕ್ಕೇ ನಿಮ್ಮನ್ನು ಕೇಳುತ್ತಿದೆ.

`ಗಿಟ್ ಡಿಫ್` ಎರಡೂ ಹ್ಯಾಶ್ ತೋರಿಸುತ್ತದೆ. ಒಳಗೆ ಹೋಗಿ, ಎರಡನ್ನೂ ಒಳಗೊಂಡ ಕಮಿಟ್ ಈಗಾಗಲೇ ಮೇನ್‌ನಲ್ಲಿ ಇದೆಯಾ ನೋಡಿ. ಇದ್ದರೆ ಅದನ್ನು ಚೆಕ್‌ಔಟ್ ಮಾಡಿ. ಇಲ್ಲದಿದ್ದರೆ ಒಂದರ ಮೇಲೆ ಬ್ರಾಂಚ್ ತೆರೆದು ಇನ್ನೊಂದನ್ನು ಮರ್ಜ್ ಮಾಡಿ, ಪುಶ್ ಮಾಡಿ. ಹೊರಗೆ ಬಂದು `ಗಿಟ್ ಆ್ಯಡ್ ಪದಗಳು`, ಮರ್ಜ್ ಮುಗಿಸಿ. ಕಣ್ಣು ಮುಚ್ಚಿ ಒಂದು ಹ್ಯಾಶ್ ಆರಿಸಬೇಡಿ, ಇನ್ನೊಬ್ಬರ ಕೆಲಸ ಹೊರಗೆ ಉಳಿಯುತ್ತದೆ.

## ಇನ್ನೂ ಮುಂದಕ್ಕೆ

ನನ್ನ ಮೆಷಿನ್‌ನಲ್ಲಿ ಬಿಲ್ಡ್ ಆಗುತ್ತೆ, ಸಿಐನಲ್ಲಿ ಆಗಲ್ಲ. ಒಳ ರೆಪೊ ಪ್ರೈವೇಟ್.

ಎರಡು ಬೇರೆ ಸಮಸ್ಯೆಗಳು ಒಂದರ ಮೇಲೊಂದು ಕೂತಿವೆ. ಮೊದಲನೆಯದು, ಸಿಐ (ಪುಶ್ ಆದಾಗ ತಾನಾಗಿ ಬಿಲ್ಡ್, ಟೆಸ್ಟ್ ಓಡಿಸುವ ವ್ಯವಸ್ಥೆ) ನೀವು ಹೇಳದೆ ಸಬ್‌ಮಾಡ್ಯೂಲ್ ತರುವುದಿಲ್ಲ. ಗಿಟ್‌ಹಬ್ ಆ್ಯಕ್ಷನ್ಸ್‌ನ ಚೆಕ್‌ಔಟ್ ಹೆಜ್ಜೆಯಲ್ಲಿ 'ಸಬ್‌ಮಾಡ್ಯೂಲ್ಸ್: ರಿಕರ್ಸಿವ್' ಅಂತ ಹಾಕಬೇಕು. ಗಿಟ್‌ಲ್ಯಾಬ್‌ನಲ್ಲಿ ಗಿಟ್ ಸಬ್‌ಮಾಡ್ಯೂಲ್ ಸ್ಟ್ರಾಟಜಿ ಅನ್ನೋ ವೇರಿಯಬಲ್‌ಗೆ 'ರಿಕರ್ಸಿವ್' ಕೊಡಬೇಕು.

ಎರಡನೆಯದು ಅನುಮತಿ. ಗಿಟ್‌ಹಬ್ ಪ್ರತಿ ಜಾಬ್‌ಗೆ ತಾನಾಗಿ ಕೊಡುವ ಟೋಕನ್ ಆ ಒಂದು ರೆಪೊಗೆ ಮಾತ್ರ. ಇನ್ನೊಂದು ಪ್ರೈವೇಟ್ ರೆಪೊ ಓದಲು ಅದು ಸಾಲದು. ಒಳ ರೆಪೊಗೆ ಓದುವ ಹಕ್ಕು ಮಾತ್ರ ಇರುವ ಡಿಪ್ಲಾಯ್ ಕೀ (ಒಂದೇ ರೆಪೊಗೆ ಸಲ್ಲುವ ಎಸ್‌ಎಸ್‌ಎಚ್ ಕೀ) ಮಾಡಿ ಸೀಕ್ರೆಟ್ ಆಗಿ ಇಡಿ. ಒಂದೇ ಡಿಪ್ಲಾಯ್ ಕೀಯನ್ನು ಎರಡು ರೆಪೊಗೆ ಹಾಕಲು ಗಿಟ್‌ಹಬ್ ಬಿಡುವುದಿಲ್ಲ, ಹಾಗಾಗಿ ಸಬ್‌ಮಾಡ್ಯೂಲ್ ಜಾಸ್ತಿ ಇದ್ದರೆ ಆಯ್ದ ರೆಪೊಗಳಿಗೆ ಮಾತ್ರ ಸೀಮಿತವಾದ ಟೋಕನ್ ಅನುಕೂಲ. ಯಾರದೋ ಸ್ವಂತ ಅಕೌಂಟ್‌ನ ಎಲ್ಲ ಹಕ್ಕಿರುವ ಟೋಕನ್ ಇಡಬೇಡಿ, ಅವರು ಕೆಲಸ ಬಿಟ್ಟ ದಿನ ಬಿಲ್ಡ್ ನಿಲ್ಲುತ್ತದೆ, ಸೋರಿಕೆಯಾದರೆ ಅವರ ಎಲ್ಲ ರೆಪೊಗಳೂ ಬಯಲಾಗುತ್ತವೆ. ಗಿಟ್‌ಲ್ಯಾಬ್‌ನಲ್ಲಿ ರಿಲೇಟಿವ್ ವಿಳಾಸ ಇಟ್ಟು, ಒಳ ಪ್ರಾಜೆಕ್ಟ್‌ನ ಜಾಬ್ ಟೋಕನ್ ಅನುಮತಿ ಪಟ್ಟಿಗೆ ಹೊರಗಿನದನ್ನು ಸೇರಿಸಿದರೆ ಕೀ ಗೊಡವೆಯೇ ಇಲ್ಲ.

ಗಿಟ್‌ಹಬ್‌ನಿಂದ ಜಿಪ್ ಇಳಿಸಿದವರಿಗೆ ಸಬ್‌ಮಾಡ್ಯೂಲ್ ಸಿಗ್ತಿಲ್ಲ ಅಂತಾರೆ. ಸೆಟ್ಟಿಂಗ್ ಇದೆಯಾ?

ಇಲ್ಲ. ಆ ಜಿಪ್‌ನಲ್ಲಿ, ರಿಲೀಸ್ ಪುಟದ ಸೋರ್ಸ್ ಕೋಡ್ ಫೈಲ್‌ನಲ್ಲಿ, `ಗಿಟ್ ಆರ್ಕೈವ್`ನಲ್ಲಿ, ಎಲ್ಲೂ ಸಬ್‌ಮಾಡ್ಯೂಲ್ ಸೇರುವುದಿಲ್ಲ. ಪೂರ್ತಿ ಚೆಕ್‌ಔಟ್ ಮಾಡಿ ನೀವೇ ಒಂದು ಜಿಪ್ ಕಟ್ಟಿ ರಿಲೀಸ್‌ಗೆ ಲಗತ್ತಿಸಿ.

ಈಗಾಗಲೇ ಇರೋ ಒಂದು ಫೋಲ್ಡರ್‌ನ ಇತಿಹಾಸ ಸಮೇತ ಬೇರೆ ರೆಪೊ ಮಾಡಿ ಸಬ್‌ಮಾಡ್ಯೂಲ್ ಮಾಡ್ಬೇಕು. ಆಗುತ್ತಾ?

ಆಗುತ್ತದೆ. ಹೊರ ರೆಪೊದಲ್ಲಿ `ಗಿಟ್ ಸಬ್‌ಟ್ರೀ ಸ್ಪ್ಲಿಟ್ --ಪ್ರಿಫಿಕ್ಸ್=ಪದಗಳು -ಬಿ ಪದಗಳುಮಾತ್ರ` ಅಂದರೆ ಆ ಫೋಲ್ಡರ್‌ನ ಕಮಿಟ್‌ಗಳು ಮಾತ್ರ ಇರುವ ಬ್ರಾಂಚ್ ಸಿಗುತ್ತದೆ. ಅದನ್ನು ಹೊಸ ಖಾಲಿ ರೆಪೊಗೆ ಮೇನ್ ಆಗಿ ಪುಶ್ ಮಾಡಿ. ರೆಪೊ ದೊಡ್ಡದಿದ್ದರೆ ಗಿಟ್ ಫಿಲ್ಟರ್-ರೆಪೊ ಅನ್ನೋ ಬೇರೆ ಟೂಲ್ ಬೇಗ ಮುಗಿಸುತ್ತದೆ, ಆದರೆ ಅದು ಇತಿಹಾಸವನ್ನೇ ತಿದ್ದುವುದರಿಂದ ಹೊಸ ಕ್ಲೋನ್ ಮೇಲೆ ಮಾತ್ರ ಓಡಿಸಿ. ಆಮೇಲೆ ಹೊರ ರೆಪೊದಲ್ಲಿ `ಗಿಟ್ ಆರ್‌ಎಂ -ಆರ್ ಪದಗಳು`, ಒಂದು ಕಮಿಟ್, ಅದೇ ಜಾಗಕ್ಕೆ ಸಬ್‌ಮಾಡ್ಯೂಲ್ ಆ್ಯಡ್, ಇನ್ನೊಂದು ಕಮಿಟ್.

ಎರಡು ವಿಷಯ ಮೊದಲೇ ತಿಳಿದಿರಲಿ. ಹಳೇ ಇತಿಹಾಸ ಹೊರ ರೆಪೊದಲ್ಲೂ ಉಳಿಯುತ್ತದೆ, ಅದರ ಗಾತ್ರ ಕಡಿಮೆ ಆಗುವುದಿಲ್ಲ. ಮತ್ತೆ ಫೋಲ್ಡರ್ ಇರುವ ಹಳೇ ಬ್ರಾಂಚ್‌ಗೂ ಸಬ್‌ಮಾಡ್ಯೂಲ್ ಇರುವ ಹೊಸ ಬ್ರಾಂಚ್‌ಗೂ ನಡುವೆ ಓಡಾಡುವಾಗ ಚೆಕ್‌ಔಟ್ ಎಡವುತ್ತದೆ. ತೆರೆದಿರುವ ಪುಲ್ ರಿಕ್ವೆಸ್ಟ್‌ಗಳೆಲ್ಲ ಮರ್ಜ್ ಆಗುವವರೆಗೆ ಕಾದು ಈ ಕೆಲಸಕ್ಕೆ ಕೈ ಹಾಕಿ.

ಒಳ ರೆಪೊ ತುಂಬ ದೊಡ್ಡದು, ಇಳಿಸೋಕೆ ಗಂಟೆಗಟ್ಟಲೆ ಆಗುತ್ತೆ. ಕಡಿಮೆ ಮಾಡ್ಬಹುದಾ?

ಎಲ್ಲ ಸಬ್‌ಮಾಡ್ಯೂಲ್ ಬೇಕಾ ಅಂತ ಮೊದಲು ಕೇಳಿಕೊಳ್ಳಿ. `ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ ಪದಗಳು` ಅಂದರೆ ಅದೊಂದೇ ಬರುತ್ತದೆ. `--ಡೆಪ್ತ್ 1` ಸೇರಿಸಿದರೆ ಇತಿಹಾಸ ಬಿಟ್ಟು ಬೇಕಾದ ಕಮಿಟ್ ಮಾತ್ರ. `.ಗಿಟ್‌ಮಾಡ್ಯೂಲ್ಸ್`ನಲ್ಲೇ 'ಶ್ಯಾಲೊ = ಟ್ರೂ' ಬರೆದರೆ ಎಲ್ಲರಿಗೂ ಇದೇ ಶಿಫಾರಸು ಆಗುತ್ತದೆ. ಬೇಕಾದ ಕಮಿಟ್ ಬ್ರಾಂಚ್‌ನ ತುದಿಯಲ್ಲಿ ಇಲ್ಲದಿದ್ದರೆ ಹ್ಯಾಶ್ ಹೇಳಿ ನೇರ ಕೇಳಬೇಕಾಗುತ್ತದೆ, ಅದಕ್ಕೆ ಸರ್ವರ್ ಒಪ್ಪಬೇಕು. ಹಲವು ಸಬ್‌ಮಾಡ್ಯೂಲ್ ಇದ್ದರೆ `--ಜಾಬ್ಸ್ 8` ಕೊಟ್ಟು ಒಟ್ಟಿಗೆ ಇಳಿಸಿ.

ಗುರುತಿಲ್ಲದವರ ರೆಪೊವನ್ನು ಸಬ್‌ಮಾಡ್ಯೂಲ್ ಸಮೇತ ಕ್ಲೋನ್ ಮಾಡೋದು ಸೇಫಾ?

ಗಿಟ್ ಹೊಸದಾಗಿದ್ದರೆ ಬಹುಮಟ್ಟಿಗೆ ಹೌದು. ಹಳೇದಾಗಿದ್ದರೆ ಖಂಡಿತ ಬೇಡ. `.ಗಿಟ್‌ಮಾಡ್ಯೂಲ್ಸ್` ಫೈಲನ್ನು ಬರೆಯುವುದು ಬೇರೆಯವರು, ಓದಿ ನಡೆಸುವುದು ನಿಮ್ಮ ಮೆಷಿನ್. 2018ರಲ್ಲಿ ಸಬ್‌ಮಾಡ್ಯೂಲ್‌ನ ಹೆಸರಿನ ಮೂಲಕ ಒಂದು, ಡ್ಯಾಶ್‌ನಿಂದ ಶುರುವಾಗುವ ವಿಳಾಸದ ಮೂಲಕ ಇನ್ನೊಂದು, ಹೀಗೆ ಎರಡು ದೋಷಗಳು ಸಿಕ್ಕವು. ಕ್ಲೋನ್ ಮಾಡಿದರೆ ಸಾಕು, ದಾಳಿಕೋರರ ಕೋಡ್ ಓಡುತ್ತಿತ್ತು. 2024ರಲ್ಲಿ ಸಿವಿಇ-2024-32002 ಅನ್ನೋ ಸಂಖ್ಯೆಯ ಇನ್ನೊಂದು ದೋಷ ಬಂತು. ಸಣ್ಣ ಅಕ್ಷರ, ದೊಡ್ಡ ಅಕ್ಷರ ವ್ಯತ್ಯಾಸ ಮಾಡದ ಫೈಲ್ ಸಿಸ್ಟಮ್‌ಗಳಲ್ಲಿ, ಅಂದರೆ ವಿಂಡೋಸ್, ಮ್ಯಾಕ್‌ಗಳಲ್ಲಿ, ಸಿಮ್‌ಲಿಂಕ್ (ಬೇರೆ ಜಾಗಕ್ಕೆ ತೋರಿಸುವ ಫೈಲ್) ಬಳಸಿ ಅದೇ ಕೆಲಸ ಮಾಡಬಹುದಿತ್ತು. ಎಲ್ಲಕ್ಕೂ ತಿದ್ದುಪಡಿ ಬಂದಿದೆ, ಅಪ್‌ಡೇಟ್ ಮಾಡಿಕೊಂಡವರಿಗೆ. ಅನುಮಾನ ಇದ್ದರೆ ಸಾದಾ ಕ್ಲೋನ್ ಮಾಡಿ, ಆ ಫೈಲನ್ನು ಕಣ್ಣಾರೆ ಓದಿ, ಆಮೇಲೆ ಅಪ್‌ಡೇಟ್ ಹೇಳಿ.

ಇದೇ ಎಚ್ಚರಿಕೆಯ ಇನ್ನೊಂದು ಮುಖ: ಕಲಿಯಲು ಅಂತ ನಿಮ್ಮದೇ ಡಿಸ್ಕ್‌ನಲ್ಲಿರುವ ಫೋಲ್ಡರ್ ಅನ್ನು ಸಬ್‌ಮಾಡ್ಯೂಲ್ ಆಗಿ ಸೇರಿಸಿದರೆ 'ಟ್ರಾನ್ಸ್‌ಪೋರ್ಟ್ ಫೈಲ್ ನಾಟ್ ಅಲೌಡ್' ಅಂತ ಬರುತ್ತದೆ. 2022ರ ಗಿಟ್ 2.38.1ರಿಂದ ಹೀಗೆ. ಆ ಒಂದು ಕಮಾಂಡ್‌ಗೆ ಮಾತ್ರ `-ಸಿ ಪ್ರೋಟೋಕಾಲ್.ಫೈಲ್.ಅಲೋ=ಆಲ್ವೇಸ್` ಸೇರಿಸಿ, ಗ್ಲೋಬಲ್ ಆಗಿ ಹಾಕಬೇಡಿ.

ಸಬ್‌ಟ್ರೀ, ಮೊನೊರೆಪೊ ಎಲ್ಲ ಅಂತಾರಲ್ಲ. ನಮ್ಮ ಟೀಮ್‌ಗೆ ಯಾವುದು?

ಒಳ ರೆಪೊದಲ್ಲಿ ಬದಲಾವಣೆ ಎಷ್ಟು ಸಲ ಆಗುತ್ತದೆ, ಮತ್ತು ಅದನ್ನು ಮಾಡುವವರು ಯಾರು, ಈ ಎರಡು ನೋಡಿ.

ಒಂದೇ ಟೀಮ್ ದಿನಾ ಎರಡೂ ರೆಪೊ ಮುಟ್ಟುತ್ತಿದ್ದರೆ, ಪ್ರತಿ ಸಣ್ಣ ಬದಲಾವಣೆಗೂ ಎರಡು ಪುಲ್ ರಿಕ್ವೆಸ್ಟ್ ತೆರೆಯುತ್ತಿದ್ದರೆ, ಅವೆರಡೂ ಒಂದೇ ರೆಪೊದಲ್ಲಿ ಇರಬೇಕಿತ್ತು. ಸೇರಿಸಿಬಿಡಿ, ಮೊನೊರೆಪೊ ಅಂದರೆ ಇದೇ. ಎಲ್‌ಎಲ್‌ವಿಎಂ ಯೋಜನೆ ಎಸ್‌ವಿಎನ್ (ಗಿಟ್‌ಗೂ ಮುಂಚಿನ ಇದೇ ತರದ ಟೂಲ್) ಬಿಟ್ಟು ಗಿಟ್‌ಹಬ್‌ಗೆ ಬರುವಾಗ ಸಬ್‌ಮಾಡ್ಯೂಲ್ ದಾರಿಯನ್ನೂ ಚರ್ಚಿಸಿ, ಕೊನೆಗೆ 2019ರಲ್ಲಿ ಮೊನೊರೆಪೊಗೆ ಹೋಯಿತು. ಅದರ ಕ್ಲ್ಯಾಂಗ್ ಮತ್ತು ಎಲ್‌ಎಲ್‌ವಿಎಂ ಭಾಗಗಳು ಅಷ್ಟು ಒಟ್ಟೊಟ್ಟಿಗೆ ಬದಲಾಗುತ್ತವೆ.

ಹೊರಗಿನವರ ಲೈಬ್ರರಿಯನ್ನು ಅಪರೂಪಕ್ಕೆ ಅಪ್‌ಡೇಟ್ ಮಾಡುತ್ತೀರಿ, ನಿಮ್ಮ ರೆಪೊ ಬಳಸುವವರಿಗೆ ಒಂದು ಕಮಾಂಡ್ ಕೂಡ ಜಾಸ್ತಿ ಹೇಳಿಕೊಡಲು ಇಷ್ಟ ಇಲ್ಲ ಅಂದರೆ ಸಬ್‌ಟ್ರೀ. ಕೋಡ್ ನಿಜವಾಗಿ ನಿಮ್ಮ ರೆಪೊ ಒಳಗೇ ಬರುತ್ತದೆ, ಸಾದಾ ಕ್ಲೋನ್, ಜಿಪ್ ಎಲ್ಲ ಕೆಲಸ ಮಾಡುತ್ತವೆ. ತೊಂದರೆ ಅಂದರೆ ನೀವು ಮಾಡಿದ ತಿದ್ದುಪಡಿಯನ್ನು ಮೂಲದವರಿಗೆ ವಾಪಸ್ ಕಳಿಸುವುದು ತ್ರಾಸ, ಮತ್ತು ಯಾವ ವರ್ಷನ್ ಇದೆ ಅಂತ ಒಂದೇ ನೋಟಕ್ಕೆ ಗೊತ್ತಾಗುವುದಿಲ್ಲ.

ಒಳ ರೆಪೊಗೆ ಅದರದೇ ಜನ, ಅದರದೇ ಅನುಮತಿ, ಅದರದೇ ರಿಲೀಸ್ ಇದ್ದು, ಎರಡು ಮೂರು ಪ್ರಾಜೆಕ್ಟ್‌ಗಳು ಬೇರೆ ಬೇರೆ ವರ್ಷನ್ ಹಿಡಿದು ನಡೆಯಬೇಕಾದರೆ ಸಬ್‌ಮಾಡ್ಯೂಲ್. 'ಪದಗಳು' ಹಾಗಿನದು: ವೆಬ್ ಆ್ಯಪ್ ಈ ವಾರದ ಅನುವಾದ ತಗೊಂಡಿರುತ್ತದೆ, ಆಂಡ್ರಾಯ್ಡ್ ಆ್ಯಪ್ ಹೋದ ರಿಲೀಸ್‌ನದ್ದರ ಮೇಲೇ ಇನ್ನೂ ಟೆಸ್ಟ್ ಮಾಡುತ್ತಿರುತ್ತದೆ, ಅನುವಾದಕರು ಇಬ್ಬರಿಗೂ ಕಾಯದೆ ತಮ್ಮ ಕೆಲಸ ಮುಂದುವರಿಸುತ್ತಾರೆ.